ತಂತಿ ಬದಲಾಗಲಿ, ತೋಟದ ಲೆಕ್ಕ ಮೊದಲಾಗಲಿ

(ಕುಂಸಿಯಲ್ಲಿ ಮಾಡಿದ ಭಾಷಣ)



ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1948ರಲ್ಲಿ. ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ಆ ನೀರಿಗೆ ಮನೆ, ಗದ್ದೆ, ದೇವರಬನಗಳನ್ನು ಬಿಟ್ಟುಕೊಟ್ಟು, ಈ ತಾಲ್ಲೂಕಿನ ಕಾಡಂಚಿಗೆ ಬಂದು ಗುಡಿಸಲು ಹಾಕಿದವರ ಮಕ್ಕಳು, ಮೊಮ್ಮಕ್ಕಳು ನಿಮ್ಮಲ್ಲಿ ಬಹಳ ಜನರಿದ್ದೀರಿ. ಬೆಳಕು ಬೆಂಗಳೂರಿಗೆ ಹೋಯಿತು. ತಂತಿ ಮಾತ್ರ ನಮ್ಮ ತಲೆಯ ಮೇಲೆಯೇ ಹಾದುಹೋಯಿತು.

ಹಳೆಯ ಮಾರ್ಗಗಳನ್ನು ಕಿತ್ತು ಹೆಚ್ಚು ಒತ್ತಡದ ಮಾರ್ಗ ಹಾಕಬೇಕೆಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೆಲವರು ‘ಬೇಡವೇ ಬೇಡ’ ಎನ್ನುತ್ತಾರೆ. ನಾವು ಹಾಗೆನ್ನುವವರಲ್ಲ. ಮೇಷ್ಟರ ಹಳೆಯ ಚಾಳಿ, ಸ್ವಲ್ಪ ಲೆಕ್ಕ ಹೇಳುತ್ತೇವೆ, ಬೇಸರಿಸಬಾರದು. ಅಷ್ಟೇ ವಿದ್ಯುತ್ತನ್ನು 110 ಕಿಲೋವೋಲ್ಟಿನ ಬದಲು 220ರಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಅರ್ಧವಾಗುತ್ತದೆ. ಅದೇ ದಪ್ಪದ ತಂತಿಯಾದರೆ, ಅದು ಕಾದು ವ್ಯರ್ಥವಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 90 ಮೈಲಿ ದೂರ ವಿದ್ಯುತ್ತು ಒಯ್ದದ್ದೂ ಒತ್ತಡ ಏರಿಸಿಯೇ. ಆದುದರಿಂದ ಕೆಲಸ ಆಗಲೇಬೇಕಾದದ್ದು. ಆದರೆ ಮೇಲಿನ ತಂತಿ ಹೊಸದಾಗಿ ಊರಿನ ಟಿಸಿ ಹಳೆಯದೇ ಉಳಿದರೆ ಪಂಪಿನ ಮೋಟಾರು ಸುಡುವುದು ತಪ್ಪದು. ನಮ್ಮ ಮನೆಯದೇ ಒಂದು ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು!

ಈಗ ನೆಲದ ಮಾತು. 110ರ ಮಾರ್ಗಕ್ಕೆ ಬೇಕಾದ ಓಣಿ 22 ಮೀಟರು, 220ಕ್ಕೆ 35. ಹಳೆಯ ಓಣಿಯಲ್ಲೇ ಹಾಕಿದರೂ ಎಡಬಲಕ್ಕೆ ಆರೂವರೆ ಮೀಟರಿನಂತೆ ಅಗಲವಾಗುತ್ತದೆ. ಒಂಬತ್ತು ಅಡಿಗೊಂದು ಗಿಡವಿಟ್ಟ ಅಡಿಕೆ ತೋಟದಲ್ಲಿ ಅದು ಪ್ರತಿ ಮಗ್ಗುಲಿಗೆ ಎರಡು ಸಾಲು. ಆ ಮರ ಫಲಕ್ಕೆ ಬರಲು ಎಷ್ಟು ವರ್ಷ ನೀರು ಹೊತ್ತಿರಿ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಗೋಪುರದ ಬುಡಕ್ಕೆ ಭೂಮಿಯ ಬೆಲೆಯ ಶೇಕಡ 85, ತಂತಿಯ ಕೆಳಗಿನ ಓಣಿಗೆ ಹೆಚ್ಚೆಂದರೆ ಶೇಕಡ 15 ಎಂದು ಕೇಂದ್ರ ಸರ್ಕಾರ 2015ರಲ್ಲಿ ಹೇಳಿತ್ತು. 2024ರ ಜೂನ್ ತಿಂಗಳಲ್ಲಿ ಅದನ್ನು ಶೇಕಡ 200 ಮತ್ತು 30ಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಇದು ಮಾರ್ಗಸೂಚಿ, ಕಾಯಿದೆಯಲ್ಲ. ರಾಜ್ಯ ಒಪ್ಪಿಕೊಂಡಷ್ಟೇ ನಮಗೆ ದಕ್ಕುವುದು. ಇನ್ನೊಂದು ದೊಡ್ಡ ಮುಳ್ಳು ಇದೆ. ಭೂಮಿಯ ಬೆಲೆ ಸಿಗುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಮುಳುಗಡೆಯಿಂದ ಬಂದ ಎಷ್ಟೋ ಮನೆಗಳಿಗೆ ಅರವತ್ತು ವರ್ಷ ಕಳೆದರೂ ಪಹಣಿಯಿಲ್ಲ. ವಿದ್ಯುತ್ತಿಗಾಗಿ ಒಮ್ಮೆ ನೆಲ ಕಳೆದುಕೊಂಡವನು, ಅದೇ ವಿದ್ಯುತ್ತಿಗಾಗಿ ಎರಡನೆಯ ಸಲ ಬರಿಗೈಯಲ್ಲಿ ನಿಲ್ಲಬೇಕೆ?

ಸರ್ವೆಯ ಬಾವುಟ ನೆಡುವ ಮೊದಲು ನಕ್ಷೆಯನ್ನು ಗ್ರಾಮಸಭೆಯಲ್ಲಿ ಸರ್ವೆ ನಂಬರು ಸಮೇತ ಓದಬೇಕು. ಅನುಭವದಲ್ಲಿರುವವನನ್ನು ಹಕ್ಕುದಾರನೆಂದೇ ಎಣಿಸಬೇಕು. ನಾವು ಕೇಳುವುದು ಇವೆರಡೇ. ನಾಳೆಯಿಂದ ಮನೆಮನೆಗೆ ಬರುತ್ತೇವೆ. ಮನೆಗಂದಾಯದ ರಸೀತಿ, ಹಳೆಯ ಮುಳುಗಡೆಯ ಕಾಗದ, ಏನಿದ್ದರೂ ಪೆಟ್ಟಿಗೆಯಿಂದ ತೆಗೆದಿಡಿ. ತಂತಿಯ ಎರಡೂ ಮಗ್ಗುಲಿನ ಮರಗಳನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ.