ಅಜ್ಜಿಯ ಮಾತೂ ಸಾಕ್ಷ್ಯವೇ
(ಮೂಡಿಗೆರೆಯಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಆಗಸ್ಟ್ 9 ವಿಶ್ವ ಆದಿವಾಸಿ ದಿನ. "ಅದೆಲ್ಲ ಹೊರದೇಶದ ವಿಷಯ ಸಿಸ್ಟರ್, ನಮಗೇನು?" ಅಂತ ನಿಮ್ಮಲ್ಲೊಬ್ಬರು ಕೇಳಿದ್ರು. ಕೇಳಿದ್ದು ಸರಿಯೇ.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಆದಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ ಮತ ಹಾಕಿದ 144 ದೇಶಗಳಲ್ಲಿ ಭಾರತವೂ ಒಂದು. ಆದಿವಾಸಿಗಳನ್ನು ಅವರ ಜಾಗದಿಂದ ಬಲವಂತವಾಗಿ ಎಬ್ಬಿಸಬಾರದು, ಎಲ್ಲಾ ವಿಷಯ ತಿಳಿಸಿ ಮೊದಲೇ ಅವರ ಒಪ್ಪಿಗೆ ಪಡೆಯಬೇಕು ಎಂದು ಅದರಲ್ಲಿದೆ. ಆದರೆ ಘೋಷಣೆ ಕಾಯಿದೆಯಲ್ಲ. ಅದನ್ನು ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಹೋದರೆ ಯಾರೂ ಹಕ್ಕುಪತ್ರ ಕೊಡೋದಿಲ್ಲ. ಭಾರತೀಯರೆಲ್ಲರೂ ಮೂಲನಿವಾಸಿಗಳೇ ಅನ್ನೋದು ಸರ್ಕಾರದ ವಾದ. ಮಲೆಕುಡಿಯರ ಮನೆಗೆ ಒಮ್ಮೆ ಹೋಗಿ ಬಂದವರಿಗೆ ಆ ಮಾತು ಒಪ್ಪೋದು ಕಷ್ಟ.

ನಮ್ಮ ಕೈಗೆ ಸಿಗುವುದು 2006ರ ಅರಣ್ಯ ಹಕ್ಕು ಕಾಯಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ 2001ರಲ್ಲಿ ಅಂತಿಮ ಅಧಿಸೂಚನೆ ಬಂದಾಗ ಕಳಸ ಕಡೆಯ ಕಾಡೊಳಗಿನ ಕುಟುಂಬಗಳಿಗೆ ಎಷ್ಟು ಹೆದರಿಕೆ ಇತ್ತು ಅಂತ ನಿಮಗೇ ಗೊತ್ತು. ಈ ಕಾಯಿದೆ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಅರ್ಜಿ ಪರಿಶೀಲನೆ ಮುಗಿಯುವ ತನಕ ಎಬ್ಬಿಸುವ ಹಾಗಿಲ್ಲ. ಪುನರ್ವಸತಿಗೆ ಗ್ರಾಮಸಭೆಯ ಒಪ್ಪಿಗೆ ಬೇಕು.

2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅನುಭವದಲ್ಲಿದ್ದ ಜಾಗ ಆಗಿರಬೇಕು. ಮಲೆಕುಡಿಯ, ಗೌಡಲು, ಹಸಲರು ಪರಿಶಿಷ್ಟ ಪಂಗಡದವರು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ ತೋರಿಸಬೇಕು. ಎಸ್ಟೇಟ್ ಮಾಲೀಕರ ಹಿಡುವಳಿಯಲ್ಲಿ ಲೈನ್ ಮನೆ ಇರುವವರಿಗೆ ಇದರಿಂದ ಜಾಗ ಸಿಗೋದಿಲ್ಲ. ಸುಳ್ಳು ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ.

"ಕಾಗದ ಎಲ್ಲಿದೆ?" ಅಂತ ಕೇಳ್ತಾರೆ. ಕಾಗದವೊಂದೇ ಸಾಕ್ಷ್ಯವಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಹಳೇ ಬಾವಿ, ಗದ್ದೆಯ ಬದು, ಸಮಾಧಿ, ದೈವದ ಸ್ಥಳ, ಇವೂ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಬೇಕು. ಒಂದು ಕಡೆ ಗಂಡಸರೆಲ್ಲ ಸುಮ್ಮನೆ ಕೂತಿದ್ದರು. ಎಂಬತ್ತರ ಅಜ್ಜಿಯೊಬ್ಬರು ಕೋಲೂರಿಕೊಂಡು ನಡೆದು, ಅತ್ತೆ ನೆಟ್ಟ ಹಲಸಿನ ಮರ ತೋರಿಸಿದರು.

ಇನ್ನೊಂದು ಮಾತು. ಗಂಡ ಹೆಂಡತಿ ಇದ್ದಲ್ಲಿ ಹಕ್ಕುಪತ್ರ ಇಬ್ಬರ ಹೆಸರಿಗೂ ಜಂಟಿಯಾಗಿ ಬರಬೇಕು. ಅರ್ಜಿ ತುಂಬುವಾಗ ನಿಮ್ಮ ಹೆಸರು ಇದೆಯಾ ನೋಡಿ. "ಆಮೇಲೆ ಸೇರಿಸೋಣ" ಅಂದರೆ ಬಿಡಬೇಡಿ. ಆ ಜಾಗ ಮಕ್ಕಳಿಗೆ ಬರ್ತದೆ, ಮಾರಲಿಕ್ಕೆ ಬರೋದಿಲ್ಲ. ಅರಣ್ಯ ಹಕ್ಕು ಸಮಿತಿಯಲ್ಲೂ ಮೂರರಲ್ಲೊಂದು ಭಾಗ ಮಹಿಳೆಯರಿರಬೇಕು. ಸೀಗೆ, ಜೇನು ತರುವ ಹಕ್ಕಿಗೂ ಅರ್ಜಿ ಹಾಕಬಹುದು.

ಗ್ರಾಮಸಭೆ ಅರ್ಜಿ ತಳ್ಳಿಹಾಕಿದರೆ, ಆ ನಿರ್ಣಯವಾದ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮೇಲ್ಮನವಿ ಕೊಡಬೇಕು. ಬಾಯಿಮಾತಿನ "ಆಗಲ್ಲ" ಕೇಳಿ ವಾಪಸ್ ಬರಬೇಡಿ, ಕಾರಣ ಬರೆಸಿಕೊಳ್ಳಿ. ಮುಂದಿನ ವಾರದ ಸಭೆಗೆ ನಿಮ್ಮ ಹತ್ತಿರ ಇರುವ ಅರ್ಜಿಯ ಪ್ರತಿ ತನ್ನಿ, ಒಂದೊಂದಾಗಿ ಓದೋಣ. ಅಜ್ಜಿ ನಡೆಯಬಲ್ಲರಾದರೆ ಅವರನ್ನೂ ಕರ್ಕೊಂಡು ಬನ್ನಿ.