ಉಪ್ಪಿನ ಹಾದಿಯಿಂದ ಹಕ್ಕುಪತ್ರದವರೆಗೆ



ವಾಡಿ ಜಂಕ್ಷನ್ನಿನಲ್ಲಿ ದಿನವೂ ನೂರಾರು ಜನ ರೈಲಿಗೆ ಕಾಯುತ್ತಾರೆ. ಹಳಿಗಳು ಬರುವ ಮೊದಲು ಕಡಲಿಲ್ಲದ ಈ ಸೀಮೆಗೆ ಉಪ್ಪು ಹೇಗೆ ಬರುತ್ತಿತ್ತು ಎಂದು ಯೋಚಿಸುವವರು ವಿರಳ. ಎತ್ತುಗಳ ಬೆನ್ನ ಮೇಲೆ ಹೇರಿಕೊಂಡು ಅದನ್ನು ತಂದವರು ಲಂಬಾಣಿಗರು. ಅವರನ್ನು ಬಂಜಾರರು ಎಂದೂ ಕರೆಯುತ್ತಾರೆ. ತಮ್ಮನ್ನು ಅವರು ‘ಗೋರ್’ ಎಂದು ಕರೆದುಕೊಳ್ಳುತ್ತಾರೆ. ‘ಲವಣ’ದಿಂದಲೇ ಲಂಬಾಣಿ ಎಂಬ ಹೆಸರು ಬಂತೆಂಬ ವಿವರಣೆಯೂ ಉಂಟು.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿಯೂ ಅಲ್ಲಿನ ಮೂಲನಿವಾಸಿಗಳು ಲಾಮಾ ಎಂಬ ಪ್ರಾಣಿಯ ಮೇಲೆ ಉಪ್ಪು ಹೇರಿಕೊಂಡು ಕಣಿವೆಗಿಳಿದು, ಮೆಕ್ಕೆಜೋಳಕ್ಕೆ ವಿನಿಮಯ ಮಾಡಿಕೊಳ್ಳುತ್ತಿದ್ದರು. ದಖ್ಖನಿನಲ್ಲಿ ಆ ಕೆಲಸ ಎತ್ತುಗಳದು. ಒಂದೊಂದು ತಂಡದಲ್ಲಿ ಸಾವಿರಾರು ಎತ್ತುಗಳಿರುತ್ತಿದ್ದವು. ಮೊಗಲರ ದಂಡಿಗೂ, ಟಿಪ್ಪುವಿನ ಮೇಲೆ ಬಂದ ಬ್ರಿಟಿಷರ ದಂಡಿಗೂ ಧಾನ್ಯ ಒದಗಿಸಿದವರು ಇವರೇ.

1871ರಲ್ಲಿ ಮುಂಬಯಿಯ ರೈಲುಮಾರ್ಗ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಎತ್ತಿನ ಬೆನ್ನಿನ ವ್ಯಾಪಾರ ಸೋತಿತು. ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ ಕಾಯ್ದೆ ತಂದಿತು. ಹಲವು ಪ್ರಾಂತಗಳಲ್ಲಿ ಬಂಜಾರರ ಮೇಲೆಯೂ ಆ ಹಣೆಪಟ್ಟಿ ಬಿತ್ತು. ದಂಡಿಗೆ ಅನ್ನ ಕೊಟ್ಟವರು ಹುಟ್ಟಿನಿಂದಲೇ ಕಳ್ಳರೆನಿಸಿದರು. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯಾನಂತರ, 1952ರಲ್ಲಿ.

ಅಲೆದಾಟ ನಿಂತಲ್ಲಿ ತಾಂಡಾಗಳು ಬೇರೂರಿದವು. ಚಿಂಚೋಳಿಯ ಗುಡ್ಡಗಳಲ್ಲಿ, ಸೇಡಂ, ಚಿತ್ತಾಪುರಗಳ ಹೊಲಗಳಂಚಿನಲ್ಲಿ ಅವು ಇಂದಿಗೂ ಇವೆ. ತಾಂಡಾಕ್ಕೊಬ್ಬ ನಾಯಕ, ಅವನಿಗೆ ನೆರವಾಗಲು ಕಾರಭಾರಿ. ಮನೆಮಾತು ಗೋರ ಬೋಲಿ. ಅದಕ್ಕೆ ಸ್ವಂತ ಲಿಪಿಯಿಲ್ಲ, ಚರಿತ್ರೆಯೆಲ್ಲ ಹಾಡಿನಲ್ಲಿದೆ. ಶ್ರಾವಣದ ತೀಜ್ ಹಬ್ಬಕ್ಕೆ ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗೋಧಿಯ ಸಸಿ ಬೆಳೆಸುತ್ತಾರೆ. ಹೇರೆತ್ತುಗಳು ಹೋಗಿ ಶತಮಾನ ಕಳೆದರೂ ದನಕರುಗಳನ್ನು ಕಾಯುವ ಸೀತಳಾ ದೇವಿಯ ಪೂಜೆ ತಪ್ಪಿಲ್ಲ. ಕನ್ನಡಿ ಚೂರು ಹೊಲಿದ ಕಾಂಚಳಿ, ಫೇಟಿಯಾಗಳ ಕಸೂತಿಯ ಸಂಡೂರು ಮಾದರಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿತು.

ಆದರೆ ಬಹುಪಾಲು ತಾಂಡಾಗಳು ಕಂದಾಯ ದಾಖಲೆಯಲ್ಲಿ ಗ್ರಾಮಗಳೇ ಆಗಿರಲಿಲ್ಲ. ತಲೆಮಾರುಗಳಿಂದ ವಾಸವಿದ್ದ ಮನೆಯೂ ಕಾಗದದಲ್ಲಿ ಅವರದಲ್ಲ. ಕಾಗದವಿಲ್ಲದೆ ಬ್ಯಾಂಕಿನ ಸಾಲವಿಲ್ಲ, ಎಬ್ಬಿಸಿದರೆ ಕೇಳುವ ಹಕ್ಕೂ ಇಲ್ಲ.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಪ್ರಧಾನಿಯವರ ಸಮ್ಮುಖದಲ್ಲಿ, ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು. ಅವರಲ್ಲಿ ಬಂಜಾರರ ಸಂಖ್ಯೆ ದೊಡ್ಡದು. ನೃಪತುಂಗ ಆಳಿದ ರಾಷ್ಟ್ರಕೂಟರ ರಾಜಧಾನಿಯಲ್ಲಿ, ಊರಿಲ್ಲದವರೆನಿಸಿದ್ದವರಿಗೆ ಊರು ದೊರಕಿತು.

ಕಾಗದದ ತೊಡಕು ಅಲ್ಲಿಗೇ ಮುಗಿಯದು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಚಿಂಚೋಳಿಯ ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅಕ್ಕನನ್ನು ಇಲ್ಲಿಗೆ, ತಂಗಿಯನ್ನು ಗಡಿಯಾಚೆಗೆ ಕೊಟ್ಟ ಮನೆಯಲ್ಲಿ ಇಬ್ಬರ ಮಕ್ಕಳಿಗೂ ಮಾತು ಒಂದೇ, ದೇವರು ಒಂದೇ. ಸರ್ಕಾರಿ ಪ್ರಮಾಣಪತ್ರ ಮಾತ್ರ ಬೇರೆ.

ಸುಗ್ಗಿ ಮುಗಿದ ಮೇಲೆ ಇಂದಿಗೂ ತಾಂಡಾಗಳಿಂದ ಜನ ಮುಂಬಯಿ, ಪುಣೆಗಳಿಗೆ ಕೂಲಿಗೆ ಹೋಗುತ್ತಾರೆ. ಅಜ್ಜಂದಿರ ಕಸುಬನ್ನು ಕಿತ್ತುಕೊಂಡ ರೈಲೇ ಮೊಮ್ಮಕ್ಕಳನ್ನು ಹೊತ್ತೊಯ್ಯುತ್ತದೆ. ಮನೆಯ ಹಕ್ಕುಪತ್ರವೇನೋ ಕೈಗೆ ಬಂತು. ಆ ಮನೆಯಲ್ಲಿ ವರ್ಷವಿಡೀ ಒಲೆ ಉರಿಯಬೇಕಾದರೆ ಊರಲ್ಲೇ ದುಡಿಮೆ ಸಿಗಬೇಕು.