ಬ್ಯಾಟು ಕೆಳಗಿಟ್ಟ ಮೇಲೆ



ಶಿವಗಂಗೆಯ ಬಂಡೆಯನ್ನು ದಿನವೂ ನೋಡುವ ನಿಮಗೆ, ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡರನ್ನು ‘ಗೋಡೆ’ ಎಂದು ಕರೆದದ್ದೇಕೆಂದು ವಿವರಿಸಬೇಕಾಗಿಲ್ಲ. 164 ಟೆಸ್ಟ್ ಪಂದ್ಯಗಳು, 13,288 ರನ್ನುಗಳು, 2012ರಲ್ಲಿ ನಿವೃತ್ತಿ. ಇಂದು ಹೇಳಹೊರಟದ್ದು ಅದರ ನಂತರದ ಮಾತು.

ಅವರು ನೇರವಾಗಿ ಹಿರಿಯರ ತಂಡದ ತರಬೇತಿಗೆ ಇಳಿಯಲಿಲ್ಲ. ಮೊದಲು ಹತ್ತೊಂಬತ್ತು ವರ್ಷದೊಳಗಿನ ಹುಡುಗರ ಹೊಣೆ ಹೊತ್ತರು. 2018ರಲ್ಲಿ ಆ ಹುಡುಗರು ನ್ಯೂಜಿಲೆಂಡಿನಲ್ಲಿ ವಿಶ್ವಕಪ್ ಗೆದ್ದರು. ಮಂಡಳಿ ದ್ರಾವಿಡರಿಗೆ 50 ಲಕ್ಷ, ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಬೆವರು ಎಲ್ಲರದೂ ಒಂದೇ ಆಗಿರುವಾಗ ಈ ತಾರತಮ್ಯವೇಕೆ? ದ್ರಾವಿಡರು ಆಕ್ಷೇಪಿಸಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವೆಂದಾಯಿತು. ಅವರ ಪಾಲು ಅರ್ಧಕ್ಕಿಳಿಯಿತು. ಯಾವ ಸ್ಕೋರ್ ಪಟ್ಟಿಯೂ ಬರೆದಿಡದ ಆಟವಿದು. ಅವರ ಶತಕಗಳಿಗಿಂತ ನನಗೆ ಇದೇ ಹಿರಿದು.

2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು, 2021ರಲ್ಲಿ ಭಾರತ ತಂಡದ ತರಬೇತುದಾರರು. 2023ರ ವಿಶ್ವಕಪ್ ಫೈನಲ್ ಅಹಮದಾಬಾದಿನಲ್ಲಿ ಕೈತಪ್ಪಿತು. 2007ರಲ್ಲಿ ಇದೇ ದ್ರಾವಿಡರ ನಾಯಕತ್ವದಲ್ಲಿ ಭಾರತ ವೆಸ್ಟ್ ಇಂಡೀಸಿನಿಂದ ಮೊದಲ ಸುತ್ತಿನಲ್ಲೇ ಹಿಂದಿರುಗಿತ್ತಲ್ಲವೇ? ಅದೇ ದ್ವೀಪಗಳಲ್ಲಿ, ಬಾರ್ಬಡೋಸಿನಲ್ಲಿ, 2024ರ ಜೂನ್ 29ರಂದು ತಂಡ ಟಿ-20 ವಿಶ್ವಕಪ್ ಗೆದ್ದಿತು. ಆಟಗಾರರು ಕಪ್ಪನ್ನು ಅವರ ಕೈಗಿತ್ತರು. ಸದಾ ಮೌನಿಯಾದ ಆ ಮನುಷ್ಯ ಅಂದು ಗಂಟಲು ಬಿಚ್ಚಿ ಕೂಗಿದರು.